ಅತ್ತೆಯವರಿಗೆ ಥಂಡಿಯಾದ ವರ್ಷ

ಇಲ್ಲಿ ಬರುವ ಸ್ವೆಟರಿನ ಬಣ್ಣ ತಪ್ಪಿರಬಹುದೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನಲ್ಲಿ ಅದು ಹಸಿರು. ನಮ್ಮ ಯಜಮಾನರು ಕಂದು ಎಂದು ಆಣೆ ಮಾಡುತ್ತಾರೆ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ನೆನಪನ್ನು ಹೊರತೆಗೆದಾಗಲೆಲ್ಲ ಅದು ತುಸು ಬದಲಾಗಿಯೇ ಒಳಗೆ ಹೋಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದ್ದರಿಂದ ಬಣ್ಣಕ್ಕಾಗಿ ಜಗಳಕ್ಕೆ ಹೋಗುವುದಿಲ್ಲ. ಹಸಿರೇ ಇತ್ತು.

ಮುಧೋಳದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ನೌಕರಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುತ್ತೇನೆ. ಊರವರು ಇದನ್ನು ಬೇಬಿ ಸಿಟ್ಟಿಂಗ್ ಎನ್ನುತ್ತಾರೆ, ನಮ್ಮ ಅತ್ತೆ ‘ಅಳೂ ಸಾಲಿ’ ಎನ್ನುತ್ತಾರೆ. ಬೇಸಿಗೆಯಲ್ಲಿ ಆ ಹೆಸರು ಅಷ್ಟು ಒಪ್ಪುವುದಿಲ್ಲ. ಆದರೆ ದೀಪಾವಳಿ ಕಳೆದು, ಕಾರ್ಖಾನೆಗಳು ಕಬ್ಬು ನುರಿಸತೊಡಗಿ, ಬೆಳಗಿನ ಮಂಜಿನಲ್ಲಿ ಬೆಲ್ಲದ ವಾಸನೆ ಸೇರಿತೆಂದರೆ ಅತ್ತೆಯವರ ಮಾತೇ ಖರೆ. ಕುಲಾಯಿ ಕಟ್ಟಿದ ಮಕ್ಕಳಲ್ಲಿ ಕಾಣುವುದು ಮೂಗೊಂದೇ, ಅದೂ ಸೋರುವ ಮೂಗು. ಒಂದನ್ನು ಒರೆಸಿ ಇನ್ನೊಂದಕ್ಕೆ ಹೋದೆನೆಂದುಕೊಂಡು ಅದನ್ನೇ ಎರಡು ಸಲ ಒರೆಸಿದ್ದೂ ಉಂಟು.

ಅಂಥದೊಂದು ಚಳಿಗಾಲದಲ್ಲಿ ಐಶು ಬಂದಳು. ಅವಳ ತಾಯಿ ಭಾರತಿಗೆ ತಿಮ್ಮಾಪುರದ ಆಚೆಯ ಹಳ್ಳಿಯಲ್ಲಿ ಆಗಷ್ಟೇ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಅವಳ ಅತ್ತೆ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರಂತೆ: “ಸಂಕ್ರಮಣದ ತನಕ ನೋಡತೇನಿ. ಕೂಸು ಹಿಂಗ ಅಳಕೋತ ಇದ್ದರ ನೌಕರಿ ಬಿಟ್ಟು ಮನ್ಯಾಗ ಕುಂದರಬೇಕು.” ಐಶು ಮೊದಲ ದಿನವೇ ತಾಯಿಯ ಸ್ವೆಟರಿನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಬಸ್ಸು ತಪ್ಪೀತೆಂದು ಭಾರತಿ ಸ್ವೆಟರಿನಿಂದಲೇ ನುಸುಳಿಕೊಂಡು ಓಡಿದಳು.

ಸ್ವೆಟರ್ ಕಂಡರೆ ಕೂಸಿಗೆ ತಾಯಿಯ ನೆನಪಾಗಿ ಅಳು ಹೆಚ್ಚಾದೀತೆಂದು ನನ್ನ ಎಂ.ಎ. ಹೇಳಿತು. ಅದನ್ನು ಅತ್ತೆಯವರ ಕೋಣೆಯ ಗೂಟಕ್ಕೆ ತೂಗುಹಾಕಿ, ಸಂಜೆ ಭಾರತಿಗೆ ಮರಳಿಸುವುದನ್ನೂ ಮರೆತು, ನನ್ನ ಪ್ರಯೋಗಗಳನ್ನು ಶುರುಮಾಡಿದೆ. ಕನ್ನಡಿ ತೋರಿಸಿದೆ, ಹಾಡಿದೆ. ಕೊನೆಗೆ ನಾಲ್ಕು ಕಾಲಿನಲ್ಲಿ ನಿಂತು ನಮ್ಮೂರ ಬೇಟೆನಾಯಿಯಂತೆ ಬೊಗಳಿದೆ. ಐಶು ಅಳು ನಿಲ್ಲಿಸಿ ಕನಿಕರದಿಂದ ನನ್ನನ್ನು ನೋಡಿ, ಮತ್ತೆ ಮುಂದುವರಿಸಿದಳು.

ಹೀಗಿರುವಾಗ ಒಂದು ದಿನ ಅವಳು ಅತ್ತೆಯವರ ತೊಡೆಯ ಮೇಲೆ ನಿದ್ದೆಹೋದಳು. ಮರುದಿನವೂ ಹೋದಳು. ನಾಯಿಯ ಆಟ ತಡವಾಗಿ ಫಲಿಸಿತೆಂದು ನಾನು ಭಾರತಿಗೆ ಸವಿಸ್ತಾರವಾಗಿ ವಿವರಿಸಿದೆ. ಭಾರತಿ ಹೋಗಿ ಮನೆಯಲ್ಲಿ ಹೇಳಿದಳು. ಅವಳ ಅತ್ತೆ ನಂಬಲಿಲ್ಲ. ಸಂಕ್ರಮಣ ಹತ್ತಿರವಾದಾಗ, ಹೇಳದೆ ಕೇಳದೆ ಒಂದು ಮಧ್ಯಾಹ್ನ ತಾವೇ ಬಂದು ಬಾಗಿಲಲ್ಲಿ ನಿಂತರು.

“ಎಲ್ಲೈತಿ ನಮ್ಮ ಕೂಸು? ದನಿನ ಇಲ್ಲ!”

ಐಶುವನ್ನು ಎದೆಗವಚಿಕೊಂಡೇ ನಮ್ಮ ಅತ್ತೆ ಏಳಹೋದರು. ಇಲಕಲ್ ಸೀರೆಯ ಸೆರಗು ಜಾರಿತು. ಒಳಗೆ, ಕುಪ್ಪಸದ ಮೇಲೆ, ಭಾರತಿಯ ಸ್ವೆಟರ್! ಥಂಡಿ ದಿನಗಳಲ್ಲಿ ನಮ್ಮೂರ ನಾಯಿಗಳಿಗೂ ಜನ ಗೋಣಿಚೀಲ ಹೊದಿಸುತ್ತಾರೆ. ಅತ್ತೆ ಮಾತ್ರ ನಾನು ಸ್ವೆಟರ್ ತಂದುಕೊಟ್ಟಾಗಲೆಲ್ಲ “ಮುದುಕಿ ಹಾಕ್ಕೊಂಡರ ಮಂದಿ ನಗತಾರ” ಎಂದು ತಿರುಗಿಸಿ ಕೊಟ್ಟವರು.

“ಅಯ್ಯ, ಇದು ನಮ್ಮ ಸೊಸಿದಲ್ಲ?” ಎಂದರು ಬಂದವರು.

“ಹೂಂ ರೀ ಅಕ್ಕಾರ. ಗೂಟಕ್ಕ ಸುಮ್ಮನ ತೂಗಾಡಾಕತ್ತಿತ್ತು, ನನಗ ಥಂಡಿ ಆಗಿತ್ತು,” ಎಂದರು ಅತ್ತೆ, ಸೆರಗು ಸರಿಪಡಿಸಿಕೊಳ್ಳುತ್ತ. “ಯಾರಿಗೂ ಹೇಳಬ್ಯಾಡ್ರಿ. ನೀವೂ ಒಮ್ಮೆ ಹಾಕ್ಕೊಂಡ ನೋಡ್ರಿ, ಭಾಳ ಬೆಚ್ಚಗೈತಿ.”

ಆ ಹೆಂಗಸು ನನ್ನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಹಾಕಿಕೊಂಡು ಕೂಸನ್ನು ತೊಡೆಗೆ ತೆಗೆದುಕೊಂಡರು. ಐಶು ಅರೆನಿದ್ದೆಯಲ್ಲೇ ಹೊರಳಿ, ಆ ಹಸಿರು ತೋಳಿಗೆ ಮೂಗು ಒರೆಸಿ, ಅಲ್ಲೇ ಮುಖ ಇಟ್ಟು ಮಲಗಿಬಿಟ್ಟಳು. ಅಜ್ಜಿ ಬಹಳ ಹೊತ್ತು ಅಲುಗಾಡಲಿಲ್ಲ. ಹೊರಡುವಾಗ ನನಗೆ ಇಷ್ಟೇ ಹೇಳಿದರು: “ಹಬ್ಬ ಮುಗಿದ ಮ್ಯಾಲೂ ಕಳಸತೇವಿ.” ಸ್ವೆಟರನ್ನು ಬಿಚ್ಚಲಿಲ್ಲ. ಪಾಪ, ಭಾರತಿ ಹೊಸದೊಂದು ಕೊಳ್ಳಬೇಕಾಯಿತು. ಈಗ ಅವಳಿಗೆ ಅದೇ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಚಾರ್ಜು.

ನಮ್ಮ ಅತ್ತೆಗೆ ನಿಜವಾಗಿ ಥಂಡಿಯೇ ಆಗಿತ್ತೋ, ಬೇರೇನಾದರೂ ಗೊತ್ತಿತ್ತೋ, ನನಗೆ ಇಂದಿಗೂ ತಿಳಿಯದು. ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ನಾನು ಎಂ.ಎ. ಓದಲು ಧಾರವಾಡಕ್ಕೆ ಹೋಗುತ್ತಿದ್ದಾಗ ನಮ್ಮ ಮಗಳು ಪೂಜಾ ಐಶುವಿನಷ್ಟೇ ಇದ್ದಳು, ಅತ್ತೆಯ ಹತ್ತಿರವೇ ಇರುತ್ತಿದ್ದಳು. ಅವಳು ಒಂದು ದಿನವೂ ಅಳಲಿಲ್ಲವೆಂದು ನಾನು ಮಕ್ಕಳನ್ನು ಬಿಡಲು ಬರುವ ತಾಯಂದಿರಿಗೆಲ್ಲ ಕಣ್ಣಾರೆ ಕಂಡವಳಂತೆ ಹೇಳುತ್ತ ಬಂದಿದ್ದೇನೆ. ಕಾಣಲು ನಾನು ಅಲ್ಲಿದ್ದೆನೆ?

ಮೊನ್ನೆ ಅತ್ತೆ ಅಂಗಳದ ಬಿಸಿಲಿಗೆ ಕೂತು ಹಸಿ ಕಡಲೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. ಅವರು ಸುಲಿದ ಕಾಳನ್ನೆಲ್ಲ ನನ್ನ ಅಂಗೈಗೆ ಸುರಿದು, “ನಿನಗ ಹಲ್ಲ ಅದಾವು, ತಿನ್ನು,” ಎಂದರು. ತಿಂದು ಮುಗಿಸಿ ಮತ್ತೆ ಕೇಳಿದೆ:

“ಅತ್ತೀ, ನಮ್ಮ ಪೂಜಾ ಖರೇನ ಅಳತಿರಲಿಲ್ಲೇನ್ರಿ?”