ಬೆಕ್ಕಿನ ಕೀಲಿ, ನನ್ನ ನೆಗಡಿ

ಮನೆಯಲ್ಲಿ ಪಾಠ ಹೇಳಬಾರದು. ಇಪ್ಪತ್ತು ವರ್ಷ ಗೋಕಾಕದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ಬಳಪದ ಧೂಳಿನಲ್ಲಿ ಹನ್ನೆರಡು ತಿಂಗಳೂ ನೆಗಡಿ ಹಚ್ಚಿಕೊಂಡು ನಾನು ಕಲಿತ ಒಂದೇ ಪಾಠ ಇದು. ಗಂಟೆ ಬಾರಿಸಿದೊಡನೆ ಹುಡುಗರು ಎಲ್ಲವನ್ನೂ ಮರೆಯುತ್ತಾರೆ, ಪುಣ್ಯವಂತರು. ನಮ್ಮ ಅವ್ವ ಮರೆಯುವುದಿಲ್ಲ.

ಎರಡು ಸಾವಿರದ ಮೂರರ ಬೇಸಿಗೆ. ಚೀನಾದ ಹೊಸ ಜ್ವರ ಪುನುಗು ಬೆಕ್ಕಿನಿಂದ ಬಂದಿರಬಹುದೆಂದು ಪೇಪರಿನಲ್ಲಿ ಬಂತು. ಅವ್ವ ಪುನುಗನ್ನು ಬಿಟ್ಟು ಬೆಕ್ಕನ್ನಷ್ಟೇ ಹಿಡಿದುಕೊಂಡಳು. ಘಟಪ್ರಭಾದ ನಮ್ಮ ಮನೆಯಲ್ಲಿ, ಜೋಳದ ಕೋಣೆಯ ಚೀಲಗಳ ಸಂದಿಯಲ್ಲಿ, ಬೆಕ್ಕು ಆಗತಾನೇ ಮೂರು ಮರಿ ಹಾಕಿತ್ತು. "ನಾಳಿ ಮುಂಜಾನಿ ಮರಿ ಸಮೇತ ಚೀಲದಾಗ ಹಾಕ್ಕೊಂಡು ಮೇಲವಂಕಿ ಹೊಲದಾಗ ಬಿಟ್ಟು ಬಾ" ಎಂದಳು. ಇನ್ನೂ ಕಣ್ಣು ಬಿಡದ ಮರಿಗಳು, ಹೊಲದ ತುಂಬ ನಾಯಿಗಳು.

ಅದಕ್ಕೇ ಪಾಠ ಶುರು ಮಾಡಿದೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆರೆಯುವುದು ಕೀಲಿಕೈ. "ಅವ್ವಾ, ಈ ಜ್ವರದ ಕರೋನಾ ವೈರಸ್ಸಿನ ಮೈತುಂಬ ಮುಳ್ಳು ಇರತಾವು. ಅವೇ ಕೀಲಿಕೈ ಇದ್ದಂಗ. ನಮ್ಮ ಜೀವಕೋಶಕ್ಕ ಕೀಲಿ ಇರತೈತಿ. ಬೆಕ್ಕಿನ ವೈರಸ್ಸಿನ ಕೀಲಿಕೈ ಬೆಕ್ಕಿಗಷ್ಟ, ನಮ್ಮ ಕೀಲಿಯೊಳಗ ತಿರಗಂಗೇ ಇಲ್ಲ!" ಅವ್ವ ಒಪ್ಪಿದಳು. ಬೆಕ್ಕು ಉಳಿಯಿತು.

ಮೂರನೆಯ ದಿನ ಅವ್ವನೂ ನಾನೂ ಹುಕ್ಕೇರಿಯ ಮದುವೆಯಿಂದ ಬಂದರೆ ನನ್ನ ಜೇಬಿನಲ್ಲಿ ಮನೆಯ ಕೀಲಿಕೈಯೇ ಇಲ್ಲ. ಒಳಗೆ ಹಸಿದ ಬೆಕ್ಕು ಒದರುತ್ತಿದೆ. ಬಾಜೂ ಮನೆಯ ಪದ್ಮಾವತಿ ಕಾಕು ತಮ್ಮ ಕೀಲಿಕೈ ಗೊಂಚಲು ತಂದರು. "ತಡೀರಿ ಮಾಸ್ತರ್ರ, ನಮ್ಮ ಹಿತ್ತಲ ಬಾಗಲದ್ದು ಹಾಕಿ ನೋಡೂಣು" ಎಂದು ಒಂದನ್ನು ತುರುಕಿ ಎರಡು ಸಲ ಅಲುಗಾಡಿಸಿದರು. ಕಟ್ ಎಂದು ತೆರೆಯಿತು.

ಅವ್ವ ನನ್ನನ್ನೇ ನೋಡಿದಳು. "ಖರೇ ಹೇಳು. ನಿನ್ನ ಆ ಕೀಲಿಗೋಳೂ ಹಿಂಗ ಏನು?"

ಅರ್ಧ ಪಾಠವನ್ನು ನಾನು ಬೇಕಂತಲೇ ನುಂಗಿದ್ದೆ. ಒಂದು ಪ್ರಾಣಿಯ ಕೀಲಿ ಇನ್ನೊಂದರದನ್ನು ಹೋಲುವುದುಂಟು; ಮುಳ್ಳು ತುಸು ಬದಲಾದರೆ ಹೊಸ ಬಾಗಿಲೂ ತೆರೆದೀತು. ಅದರಲ್ಲೂ ಬೆಕ್ಕಿನ ಕೀಲಿ ಬಲು ಸಡಿಲ. ನಾಯಿಯ, ಹಂದಿಯ, ಕೊನೆಗೆ ಮನುಷ್ಯರ ಒಂದು ನೆಗಡಿಯ ವೈರಸ್ಸಿಗೂ ಅದು ತೆರೆಯುವುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಇಷ್ಟನ್ನೂ ಒಪ್ಪಿಕೊಂಡು, ಬಾಗಿಲು ತೆರೆದ ಮಾತ್ರಕ್ಕೆ ಬೇನೆ ಬಂದೇ ಬಿಡುತ್ತದೆ ಎಂದಲ್ಲ ಎಂದು ಸೇರಿಸುವಷ್ಟರಲ್ಲಿ ನನಗೆ ಜೋರಾಗಿ ಸೀನು ಬಂತು.

ಮುಗಿಯಿತು, ಇನ್ನು ಮೇಲವಂಕಿಯೇ ಗತಿ ಎಂದುಕೊಂಡೆ. ಅವ್ವ ಮರಿಗಳನ್ನು ನೋಡಿದಳು, ನನ್ನ ಮೂಗನ್ನು ನೋಡಿದಳು. "ಅಂದ್ರ ನಿನ್ನ ನೆಗಡಿ ಇದಕ್ಕ ಹತ್ತಬಹುದು! ಬಾಣಂತಿ ಐತಿ ಅದು. ನೀ ಒಳಗ ಬರಬ್ಯಾಡ, ಊಟ ಪಡಸಾಲಿಗೇ ಕೊಡತೀನಿ."

ಮರುದಿನ ಅವ್ವನ ಅಪ್ಪಣೆಯಂತೆ ಗೋಕಾಕದಿಂದ ಹೊಸ ಕೀಲಿ ತಂದೆ. ಅವಳು ಅದನ್ನು ಜೋಳದ ಕೋಣೆಗೆ ಹಾಕಿದಳು. ಎರಡು ಕೀಲಿಕೈ ಇದ್ದವು: ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದನ್ನು ನೆಗಡಿಯಿಲ್ಲದ ಪದ್ಮಾವತಿ ಕಾಕುಗೆ ಕೊಟ್ಟಳು.