ಹಂಚಿನಂಗಡಿಯ ಕಾಕಾ ಮತ್ತು ಯುರೋಪಿನ ಹಡಗುಗಳು

ಯುರೋಪಿನ ಸಮುದ್ರಯಾನಕ್ಕೆ ನಮ್ಮ ಕಾಕಾ ಹೊರಟು ನಿಂತಷ್ಟು ಸಲ ಸ್ವತಃ ಯುರೋಪಿನವರೂ ಹೊರಟು ನಿಂತಿರಲಿಕ್ಕಿಲ್ಲ. ಪ್ರತಿ ವರ್ಷ ಹೊರಡುತ್ತಿದ್ದರು. ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ಇಷ್ಟಕ್ಕೂ ಈ ಮಹಾನುಭಾವರಿಗೆ ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುವುದೇ ಒಂದು ಗಂಡಾಂತರವಾಗಿತ್ತು ಎಂದರೆ ನೀವು ನಂಬುತ್ತೀರಾ?

ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಕಿಟಕಿಯ ಸರಳು. ದೇಸೂರು ದಾಟುವ ಹೊತ್ತಿಗೆ ಮುಖದ ಬಣ್ಣ ಬದಲಾಗುತ್ತಿತ್ತು. ಕಂಡಕ್ಟರುಗಳೆಲ್ಲ ಅವರನ್ನು ಬಲ್ಲವರಾದ್ದರಿಂದ ಕಿಟಕಿಯ ಪಕ್ಕದ ಸೀಟನ್ನು ಕೇಳದೆಯೇ ಬಿಟ್ಟುಕೊಡುತ್ತಿದ್ದರು. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಗೆ ಬಂದವರೇ ಪಡಸಾಲೆಯಲ್ಲಿ ಅಂಗಾತ ಮಲಗಿ ಬಿಡುವರು. ಅವ್ವ ಮಜ್ಜಿಗೆ ತಂದು ಕೊಡುವಳು. ಅದು ಒಳಗೆ ಇಳಿದು, ಮುಖಕ್ಕೆ ಮನುಷ್ಯರ ಬಣ್ಣ ಮರಳಿದ ಮೇಲೆ, ಕಾಕಾ ಎದ್ದು ಕೂತು ಚೀಲ ಬಿಚ್ಚುವರು. ಅದರೊಳಗಿಂದ ನೀಲಿ ಸಮುದ್ರ, ಬಿಳಿ ಹಡಗು, ಬಿಸಿಲಿಗೆ ಕೆಂಪಾದ ಗಂಡಹೆಂಡತಿ, ನಗುವ ಇಬ್ಬರು ಮಕ್ಕಳು, ಎಲ್ಲ ಹೊರಬರುತ್ತಿದ್ದವು.

"ಅಣ್ಣಾ, ಈ ಸಲದ ಹಡಗ ಭಾಳ ಚಲೋ ಐತಿ ನೋಡು."

ಅಪ್ಪ ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಕಾಕಾ ಎಂದರೆ ಅಪ್ಪನ ತಮ್ಮ. ಖಾನಾಪುರದಲ್ಲಿ ಹಂಚಿನ ವ್ಯಾಪಾರ. ಮನೆಗೆ ಹೊದಿಸುವ ಕೆಂಪು ಹಂಚು. ಕಾಕಾ, ಅವರ ಹೆಂಡತಿ ಕಾಕು ಇಬ್ಬರೇ ಇರುವ ಮನೆ ಅದು. ಮಕ್ಕಳಿರಲಿಲ್ಲ. ರಜೆ ಬಂತೆಂದರೆ ನಾನೂ ನನ್ನ ತಮ್ಮನೂ ಅಲ್ಲಿಯೇ ಬಿದ್ದಿರುತ್ತಿದ್ದುದರಿಂದ ಆ ಕೊರತೆಯನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಈ ಹಡಗಿನ ಹುಚ್ಚು ಹತ್ತಿದ್ದು ಎಪ್ಪತ್ತರ ದಶಕದಲ್ಲಿ, ಬೆಳಗಾವಿ ಕ್ಯಾಂಪಿನ ಒಂದು ರದ್ದಿ ಅಂಗಡಿಯಲ್ಲಿ. ಅಲ್ಲಿ ಹಳೆಯ ಇಂಗ್ಲಿಷ್ ವಾರಪತ್ರಿಕೆಗಳು ತೂಕದ ಮೇಲೆ ಸಿಗುತ್ತಿದ್ದವು. ಒಂದರ ಹಿಂದಿನ ಪುಟದಲ್ಲಿ ಕತ್ತರಿಸಿ ಕಳಿಸುವ ಚೀಟಿ ಇತ್ತು. ಹೆಸರು, ವಿಳಾಸ ಬರೆದು ಕಳಿಸಿದರೆ ಯುರೋಪಿನ ಕುಟುಂಬ ಸಮುದ್ರಯಾನದ ಬಣ್ಣದ ಪುಸ್ತಿಕೆ ಉಚಿತ. ಉಚಿತ ಎಂಬ ಶಬ್ದವನ್ನು ಕಂಡೂ ಸುಮ್ಮನಿರುವ ವ್ಯಾಪಾರಿ ಎಲ್ಲಾದರೂ ಉಂಟೆ? ಕಾಕಾ ಕಳಿಸಿದರು. ಮರೆತೂಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ರಾಣಿಯ ತಲೆ ಇರುವ ಅಂಚೆಚೀಟಿ ಹೊತ್ತ ದಪ್ಪ ಲಕೋಟೆಯೊಂದು ಬಂತು. ತಂದುಕೊಟ್ಟ ಪೋಸ್ಟ್‌ಮನ್ ಅದನ್ನು ಒಡೆಯುವ ತನಕ ಅಂಗಡಿ ಬಿಟ್ಟು ಕದಲಲಿಲ್ಲವಂತೆ. ಆಮೇಲೆ ಬೇರೆ ಬೇರೆ ಕಂಪನಿಗಳ ಲಕೋಟೆಗಳು ಬರತೊಡಗಿದವು. ಖಾನಾಪುರದ ಹಂಚಿನ ಅಂಗಡಿಯಲ್ಲಿ ಯುರೋಪು ಬಂದು ಕೂತಿತು.

ಕಾಕಾ ಹಡಗುಗಳನ್ನು ನೋಡುತ್ತಿದ್ದುದು ಹಂಚಿನ ವ್ಯಾಪಾರಿಯ ಕಣ್ಣಿನಿಂದ. ಒಂದು ಕಂಪನಿಯ ದರ ಕಡಿಮೆ, ಆದರೆ ಅದು ಹತ್ತಿಸಿಕೊಳ್ಳುವ ಬಂದರು ದೂರ. ಅಂದರೆ ಲಾರಿ ಬಾಡಿಗೆ ನಮ್ಮ ತಲೆಯ ಮೇಲೆ! ಇನ್ನೊಂದರ ದರ ಜಾಸ್ತಿ, ಆದರೆ ಮಕ್ಕಳಿಗೆ ಅರ್ಧ. ಮತ್ತೊಂದು ಹೆಚ್ಚು ಊರು ತೋರಿಸುತ್ತದೆ. ತೋರಿಸುವ ಊರುಗಳಿಂದ ದರವನ್ನು ಭಾಗಿಸಿ, ಊರೊಂದಕ್ಕೆ ಎಷ್ಟು ಬಿತ್ತು ಎಂದು ಹೇಳುವರು. ವೆನಿಸ್ ದುಬಾರಿ ಬಿತ್ತು, ಅಥೆನ್ಸ್ ಪರವಾಗಿಲ್ಲ ಎಂದು ಅವರು ಆಡುವುದನ್ನು ಕೇಳಿದರೆ ಈ ಊರುಗಳೆಲ್ಲ ಶನಿವಾರದ ಸಂತೆಗೆ ಬಂದ ಬದನೆಕಾಯಿಗಳೇ ಇರಬೇಕು ಎನಿಸುತ್ತಿತ್ತು.

ಅವರನ್ನು ಎಲ್ಲಕ್ಕಿಂತ ಕೆರಳಿಸಿದ್ದು ಕಿಟಕಿಯ ವಿಷಯ. ಕಿಟಕಿ ಇರುವ ಕೋಣೆಗೆ ಒಂದು ದರ, ಇಲ್ಲದ್ದಕ್ಕೆ ಇನ್ನೊಂದು.

"ಸಮುದ್ರದಾಗ ಹೊಂಟು ಸಮುದ್ರ ನೋಡಾಕ ಬ್ಯಾರೆ ರೊಕ್ಕ ಅಂದ್ರ ಹೆಂಗ?" ಎಂದು ಅವರು ನಮ್ಮ ಅಪ್ಪನನ್ನು ಕೇಳಿದರು, ಅಪ್ಪನೇ ಆ ಕಂಪನಿಯ ಮಾಲೀಕ ಎಂಬಂತೆ.

ಪುಸ್ತಿಕೆಗಳ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕಾಕಾಗೆ ಇದು ಯಾವ ಲೆಕ್ಕ ಎಂಬುದೇ ತಿಳಿಯಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿಯಿಂದ ಹಿಡಿದು ಪಾರಿಶ್ವಾಡಕ್ಕೆ ಕೊಟ್ಟಿದ್ದ ಸೋದರತ್ತಿಯ ಮಕ್ಕಳವರೆಗೆ ಎಲ್ಲರ ಹೆಸರು, ವಯಸ್ಸು ಬರೆದು, ಸಗಟು ದರ ಏನು ಎಂದು ಕೇಳಿ ಕಂಪನಿಗೆ ಕಾಗದ ಹಾಕಿದರು. ನಿಮ್ಮದು ಯಾವ ಶಾಲೆ ಎಂದು ಕಂಪನಿಯವರು ಬಹಳ ವಿನಯದಿಂದ ವಿಚಾರಿಸಿ ಬರೆದರು.

ಶಾಲೆಯೋ ಕುಟುಂಬವೋ, ಯಾರು ಯಾವ ಕೋಣೆಯಲ್ಲಿ ಎಂಬುದು ಇತ್ಯರ್ಥವಾಗಬೇಕಲ್ಲ? ಒಂದು ರವಿವಾರ ಕಾಕಾ ಕೋಣೆ ಹಂಚಿದರು. ಅವ್ವನನ್ನೂ ಪಾರಿಶ್ವಾಡದ ಅತ್ತಿಯನ್ನೂ ಒಂದೇ ಕೋಣೆಗೆ ಹಾಕಿದ್ದು ಅವರ ಜೀವನದ ದೊಡ್ಡ ತಪ್ಪು. ಅದರ ಮೇಲೆ ಅಲ್ಲಿ ಒಂದರ ಮೇಲೊಂದು ಹಾಸಿಗೆ. ಅತ್ತಿ ತಾನು ಮನೆಯ ಮಗಳು, ಮೇಲೆ ಹತ್ತಿ ಮಲಗಲಾರೆ ಎಂದು ಹೇಳಿ ಕಳಿಸಿದಳು. ಅವ್ವ ತಾನು ಹಿರಿಯ ಸೊಸೆ ಎಂದಳು. ಇಬ್ಬರ ಮಾತುಕತೆ ನಿಂತುಹೋಯಿತು. ಸಂಕ್ರಮಣಕ್ಕೆ ಅತ್ತಿಯ ಮನೆಯ ಎಳ್ಳುಹೋಳಿಗೆ ಕೂಡ ಬರಲಿಲ್ಲ. "ಹಡಗ ಇನ್ನೂ ಯುರೋಪಿನ್ಯಾಗ ಐತಿ, ಜಗಳ ಮನಿಗೆ ಬಂತು" ಎಂದು ಅಪ್ಪ ನಿಟ್ಟುಸಿರು ಬಿಟ್ಟರು.

ಆಯಿಗೆ ಹಾಸಿಗೆಯ ಚಿಂತೆ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ನೀರು, ಮಧ್ಯಾಹ್ನ ಜೋಳದ ರೊಟ್ಟಿ, ಇಷ್ಟಾದರೆ ಎಲ್ಲಿಗೆ ಬೇಕಾದರೂ ಬರಲು ತಯಾರಿದ್ದಳು. ಕಾಕಾ ಅದನ್ನೂ ಬರೆದು ಕೇಳಿದರು. ನೀರಿಗೆ ಕೊರತೆಯಿಲ್ಲ, ರೊಟ್ಟಿ ಮಾಡುವ ಬಗೆಯನ್ನು ದಯವಿಟ್ಟು ತಿಳಿಸಿ ಎಂದು ಉತ್ತರ ಬಂತು. ಆಯಿ ಹೇಳುತ್ತ ಹೋದಳು, ಕಾಕಾ ಇಂಗ್ಲಿಷಿನಲ್ಲಿ ಬರೆಯುತ್ತ ಹೋದರು. ರೊಟ್ಟಿ ಬಡಿಯುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಯಾರಿಗೆ ಗೊತ್ತು? ಅಂಗೈಯಿಂದ ಚೆನ್ನಾಗಿ ಹೊಡೆಯಬೇಕು ಎಂದು ಬರೆದರು. ಆ ಕಂಪನಿಯಿಂದ ಮತ್ತೆ ಪತ್ರ ಬರಲಿಲ್ಲ.

ಇದೆಲ್ಲದರ ನಡುವೆ ಕಾಕು ಏನು ಮಾಡುತ್ತಿದ್ದರು? ಏನೂ ಇಲ್ಲ. ಮಾತು ಕಡಿಮೆಯ ಹೆಂಗಸು. ಗಂಡನ ಯುರೋಪನ್ನು ಅವರು ಒಂದು ದಿನವೂ ನಂಬಲಿಲ್ಲ, ಒಂದು ದಿನವೂ ಬೇಡ ಎನ್ನಲಿಲ್ಲ. ಹಳೆಯದಾದ ಪುಸ್ತಿಕೆಗಳ ನುಣುಪು ಹಾಳೆಗಳನ್ನು ಬಿಡಿಸಿ ಅಡುಗೆಮನೆಯ ಮಾಡಗಳಿಗೆ ಹಾಸುತ್ತಿದ್ದರು. ನಮ್ಮ ಸಾಲಿ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತಿದ್ದರು. ಈಜುಡುಗೆ ತೊಟ್ಟ ಬಿಳಿ ಮಡಮ್ಮನೊಬ್ಬಳು ನನ್ನ ಗಣಿತದ ಪುಸ್ತಕದ ಮೇಲೆ ಬಂದು ಕೂತು, ನಾನು ಮಾಸ್ತರರಿಂದ ಬೈಸಿಕೊಂಡದ್ದೂ ಉಂಟು. ಓಣಿಯವರು ಯಾವಾಗ ಹೊರಡುವುದು ಎಂದು ಕೇಳಿದರೆ ಕಾಕು ತಣ್ಣಗೆ, "ಅವರು ಮೊದಲ ಬೆಳಗಾವಿಗೆ ನೆಟ್ಟಗ ಹೋಗಿ ಬರ್ಲಿ" ಎನ್ನುತ್ತಿದ್ದರು.

ಒಮ್ಮೆ ಯಾವುದೋ ಕಂಪನಿಯವರು ಕಾಕಾನ ಕಾಗದಗಳ ಭಾರಕ್ಕೆ ಬೆರಗಾಗಿ, ಇವರು ಭಾರೀ ಕುಳವೇ ಇರಬೇಕೆಂದು ತಿಳಿದು, ಮುಂಬಯಿಯಿಂದ ತಮ್ಮ ಏಜೆಂಟನನ್ನೇ ಕಳಿಸಿಬಿಟ್ಟರು. ಆ ಬಡಪಾಯಿ ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಇಳಿದು, ಟೈ ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ಖಾನಾಪುರಕ್ಕೆ ಬಂದ. ಅಂಗಡಿ ನೋಡಿದ ಕೂಡಲೇ ಅವನಿಗೆ ಪರಿಸ್ಥಿತಿ ಅರ್ಥವಾಗಿರಬೇಕು. ಆದರೆ ಕಾಕು ಅಷ್ಟರಲ್ಲಿ ಟವೆಲ್ ಕೊಟ್ಟು, ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿಬಿಟ್ಟಿದ್ದರು. ಊಟ ಮಾಡುತ್ತ ಅವನು ಕೊಂಕಣದ ಮಾಲವಣದ ಹತ್ತಿರ ತನ್ನ ಹಿರಿಯರ ಮನೆ ಇದೆ, ಮಳೆಗೆ ಸೋರುತ್ತಿದೆ ಎಂದು ಮರಾಠಿಯಲ್ಲಿ ಬಾಯಿಬಿಟ್ಟ. ಮುಗಿಯಿತು. ಕಾಕಾ ಹಡಗನ್ನು ಬದಿಗಿಟ್ಟರು. ಟಿಕೇಟು ಮಾರಲು ಬಂದವನು ಒಂದು ಲಾರಿ ಹಂಚಿಗೆ ಮುಂಗಡ ಕೊಟ್ಟು ಹೋದ!

ಹೀಗೆಯೇ ವರ್ಷಗಳು ಕಳೆದವು. ಆಯಿ ತೀರಿಕೊಂಡಳು. ನಾನು ಮಕ್ಕಳ ಅರ್ಧ ದರವನ್ನು ದಾಟಿ ಕಾಲೇಜಿಗೆ ಬಂದೆ. ಹೊಸ ಪುಸ್ತಿಕೆಗಳಲ್ಲಿ ದರ ಏರಿತ್ತು, ಹಡಗುಗಳು ಇನ್ನೂ ದೊಡ್ಡವಾಗಿದ್ದವು.

ಎಂಬತ್ತರ ದಶಕದ ಆರಂಭದಲ್ಲಿ ಕಾಕುವಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲದಂತಾಯಿತು. ಮೊದಲು ಯಾರಿಗೂ ಹೇಳಲಿಲ್ಲ. ಒಂದು ದಿನ ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು ಅಲ್ಲಿಯೇ ಕುಸಿದು ಕೂತರು. ಬೆಳಗಾವಿಯ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ, ಮುಂಬಯಿಯಲ್ಲಿ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದರು. ಆಗಿನ ಕಾಲದಲ್ಲಿ ಹೃದಯ ಕೊಯ್ಯುವುದೆಂದರೆ ಹೋದವರು ಬರುವರೋ ಇಲ್ಲವೋ ಎಂದೇ ಎಲ್ಲರ ಲೆಕ್ಕ. ಮನೆಯಲ್ಲಿ ದನಿ ಇಳಿಯಿತು. ಅತ್ತಿ ಪಾರಿಶ್ವಾಡದಿಂದ ಓಡಿಬಂದು ಅವ್ವನ ಜೊತೆ ಒಂದೇ ಚಾಪೆಯ ಮೇಲೆ ಕೂತು ಅತ್ತಳು.

ಹೇಗೆ ಒಯ್ಯುವುದು ಎಂಬ ಮಾತು ಬಂದಾಗ ಅಪ್ಪ ರೈಲಿನ ವೇಳೆ ನೋಡತೊಡಗಿದರು. ಕಾಕಾ, ತಾನು ಪಣಜಿಗೆ ಕಾರಿನಲ್ಲಿ ಕರೆದೊಯ್ದು ಅಲ್ಲಿಂದ ಮುಂಬಯಿಗೆ ಹೋಗುವ ಪ್ರಯಾಣಿಕರ ಹಡಗು, ಆಗಬೋಟು ಹತ್ತಿಸುತ್ತೇನೆ ಎಂದರು. ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇದೇನ ನಿನ್ನ ಹಡಗಿನ ಹುಚ್ಚಿಗೆ ಹೊತ್ತೇನು?"

"ಡಾಕ್ಟರ್‌ನ ಕೇಳೇನಿ. ಅಡ್ಡಿ ಇಲ್ಲಂದಾರ," ಎಂದರು ಕಾಕಾ. ಆಮೇಲೆ, "ಅಕಿ ಸಮುದ್ರ ನೋಡಿಲ್ಲೋ ಅಣ್ಣಾ," ಎಂದರು.

ಅಪ್ಪ ರೈಲಿನ ವೇಳಾಪಟ್ಟಿ ಮಡಚಿಟ್ಟರು. ಜೊತೆಗೆ ಹೆಣ್ಣುಮಗಳೊಬ್ಬಳು ಇರಲಿ ಎಂದು ನನ್ನನ್ನು ಕಳಿಸಿದರು.

ಪಣಜಿಯ ಟಿಕೇಟಿನ ಕಿಂಡಿಯ ಮುಂದೆ ಬೇರೆ ಬೇರೆ ದರ್ಜೆಯ ದರಗಳ ಹಲಗೆ ತೂಗುತ್ತಿತ್ತು. ಕಾಕಾ ಅದರ ಕಡೆ ತಲೆಯನ್ನೂ ಎತ್ತಲಿಲ್ಲ. ಇರುವುದರಲ್ಲಿ ಒಳ್ಳೆಯ ಕೋಣೆ, ಕಿಟಕಿ ಇರಬೇಕು ಎಂದಷ್ಟೇ ಹೇಳಿ ಹಣ ಎಣಿಸಿದರು. ಕಾಕಾ ದರ ಕೇಳಲಿಲ್ಲವೆಂದರೆ ಕಾಕು ಉಳಿಯುವುದಿಲ್ಲವೆಂದೇ ಅರ್ಥವೆ?

ಆಗಬೋಟು ಮಾಂಡವಿ ನದಿಯಿಂದ ಹೊರಬಿದ್ದು ಸಮುದ್ರಕ್ಕೆ ತಿರುಗಿತು. ಕಾಕು ಡೆಕ್ಕಿನ ಮೇಲೆ ಕುರ್ಚಿಯಲ್ಲಿ ಕೂತು, ಸೆರಗು ಬಿಗಿಯಾಗಿ ಹೊದ್ದು, ನೋಡಿದರು. ಕಾಕಾ ಅವರ ಮುಖವನ್ನೇ ನೋಡುತ್ತ ನಿಂತಿದ್ದರು. ನೋಡುತ್ತ ನೋಡುತ್ತಲೇ ಕಾಕಾನ ಮುಖದ ಬಣ್ಣ ಇಳಿಯಿತು. ಹಡಗು ಮೆಲ್ಲಗೆ ಹೊಯ್ದಾಡಲು ಹತ್ತಿತ್ತು ಅಷ್ಟೇ, ಕಾಕಾ ಡೆಕ್ಕಿನ ಅಂಚಿನ ಕಟಾಂಜನಕ್ಕೆ ಜೋತುಬಿದ್ದರು.

ಅದರ ನಂತರ ನಡೆದದ್ದನ್ನು ಹೇಳಿದರೆ ನಗಬೇಡಿ, ಅಥವಾ ನಕ್ಕುಬಿಡಿ, ನಾನೂ ನಕ್ಕೆ. ಹೃದಯದ ಆಪರೇಷನ್ನಿಗೆ ಹೊರಟ ರೋಗಿ ಎದ್ದು ಕೂತಿದ್ದರು. ಕರೆದೊಯ್ಯುವವರು ಕಿಟಕಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಕು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದರು. ನಾನು ಮಾಡುತ್ತೇನೆ, ನೀವು ಮಲಗಿ ಎಂದರೆ ಕೇಳಲಿಲ್ಲ. ದಾರಿಯಲ್ಲಿ ಕೊಂಕಣದ ಊರುಗಳು ಬರುತ್ತಿದ್ದವು. ಸಣ್ಣ ದೋಣಿಗಳು ಕೋಳಿ, ಹಲಸಿನಹಣ್ಣು, ಮುದುಕಿಯರನ್ನೆಲ್ಲ ತುಂಬಿಕೊಂಡು ಬಂದು ಹಡಗಿಗೆ ಆತುಕೊಳ್ಳುತ್ತಿದ್ದವು. ಕಾಕು ಕಿಟಕಿಯಿಂದ ನೋಡಿ ಒಂದೊಂದನ್ನೂ ಗಂಡನಿಗೆ ವಿವರಿಸುತ್ತಿದ್ದರು. ಅಷ್ಟು ಮಾತನ್ನು ಅವರು ಒಂದೇ ದಿನ ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಕಾಕಾ ಕಣ್ಣು ತೆರೆದು, ಸಣ್ಣ ದನಿಯಲ್ಲಿ, "ನಿನ್ನ ಸಲುವಾಗಿ ಬಂದು ನಾನ ಬಿದ್ಕೊಂಡ್ನೆಲ್ಲ," ಎಂದರು.

"ಇರ್ಲಿ ಸುಮ್ನ ಮಲಗ್ರಿ," ಎಂದರು ಕಾಕು. "ನನಗ ಇವತ್ತ ನನ್ನ ಬ್ಯಾನಿ ನೆನಪ ಆಗಲಿಲ್ಲ."

ಮುಂಬಯಿಯ ಆಸ್ಪತ್ರೆಯಲ್ಲಿ ಆಪರೇಷನ್ನಿನ ಹಿಂದಿನ ದಿನ ಕಾಕು ಗಂಡನನ್ನು ಹತ್ತಿರ ಕರೆದು, ಯುರೋಪಿನಲ್ಲಿ ಚಳಿ ಬಹಳವೇ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಯುರೋಪಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಬಹಳ ಎಂದರು ಕಾಕಾ. ಹಾಗಾದರೆ ಉಲನ್ ತಂದಿಡಿ, ಎದ್ದ ಮೇಲೆ ಬರೀ ಮಲಗಿ ಬೇಸರವಾಗುತ್ತದೆ, ಇಬ್ಬರಿಗೂ ಸ್ವೆಟರ್ ಹೆಣೆಯುತ್ತೇನೆ ಎಂದರು ಕಾಕು. ಏಪ್ರಿಲ್ ತಿಂಗಳ ಮುಂಬಯಿಯಲ್ಲಿ, ಬೆವರು ಒರೆಸಿಕೊಳ್ಳುತ್ತ, ನಾವಿಬ್ಬರೂ ಉಲನ್ ಹುಡುಕಿಕೊಂಡು ಅಲೆದೆವು. ಮರುದಿನ ಆಪರೇಷನ್ ಮುಗಿಯುವ ತನಕ ಕಾಕಾ ಆ ನೀಲಿ ಉಲನ್ನಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಕಾಕು ಎದ್ದು ಬಂದರು. ಖಾನಾಪುರಕ್ಕೆ ಮರಳಿದಾಗ ಮಳೆ ಹಿಡಿದಿತ್ತು. ಅವರು ಪಡಸಾಲೆಯಲ್ಲಿ ದಿಂಬಿಗೆ ಒರಗಿ ಹೆಣೆಯುತ್ತಿದ್ದರು, ಕಾಕಾ ಹೊಸದಾಗಿ ಬಂದ ಪುಸ್ತಿಕೆಯನ್ನು ಅವರಿಗೆ ಓದಿ ಹೇಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಯಾವುದೋ ಒಂದು ಊರಿನ ಚಿತ್ರ ಕಾಕುವಿಗೆ ಹಿಡಿಸಿತು. ಗುಡ್ಡದ ಮೇಲೆ ಬಿಳಿಯ ಮನೆಗಳು, ಕೆಳಗೆ ನೀರು. ಸೂಜಿ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಇಲ್ಲಿ ಹಡಗ ಎಷ್ಟೊತ್ತ ನಿಂದರತೈತ್ರಿ?"

ವೇಳೆ ಅಲ್ಲಿಯೇ ಚಿತ್ರದ ಕೆಳಗೆ ಅಚ್ಚಾಗಿತ್ತು. ಕಾಕಾ ಅದರ ಮೇಲೆ ಕೈ ಇಟ್ಟು ಮುಚ್ಚಿದರು.

"ನೀ ಸಾಕ ಅನ್ನೂತನಕ," ಎಂದರು.