ಸೋದರಮಾವನ ಎಲೆಕ್ಟ್ರಿಕ್ ಕಾರು

ಎಲೆಕ್ಟ್ರಿಕ್ ಕಾರು ಹೇಗೆ ಓಡುತ್ತದೆ ಎಂಬುದು ಅರಸೀಕೆರೆಯಲ್ಲಿ ಸರಿಯಾಗಿ ಗೊತ್ತಿರುವುದು ನನಗೊಬ್ಬನಿಗೇ ಎಂದು ನಂಬಿದ್ದ ಕಾಲವೊಂದಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವನು ನಾನು. ಕಾರು ಮನೆಗೆ ಬಂದ ಒಂದೇ ವಾರದಲ್ಲಿ ಇಡೀ ಬೀದಿಗೆ ಅದರ ಪಾಠ ಮುಗಿಸಿದೆ. ಹಾಲಿನವನು ನನ್ನನ್ನು ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗತೊಡಗಿದ.

ಆಗಲೇ ಬಂತು ನನ್ನ ತಂಗಿ ಶಾರದೆಯ ಮಗಳು ಕಾವ್ಯಳ ಮದುವೆ. ಬೇಲೂರಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ ಧಾರೆ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವಳಿಗೆ ಇರುವ ಒಬ್ಬನೇ ಸೋದರಮಾವ ನಾನು. ಐದು ವರ್ಷದವಳಿದ್ದಾಗಲೇ, "ಮಾವ, ನನ್ ಮದ್ವೇಲಿ ನೀನೇ ಕರ್ಕೊಂಡು ಹೋಗ್ಬೇಕು" ಎಂದು ನನ್ನ ಕೈಮೇಲೆ ಕೈಯಿಟ್ಟು ಭಾಷೆ ತೆಗೆದುಕೊಂಡಿದ್ದ ಹುಡುಗಿ. ಮಕ್ಕಳಿಲ್ಲದ ನನಗೆ ಅದಕ್ಕಿಂತ ದೊಡ್ಡ ಪದವಿ ಯಾವುದೂ ಇರಲಿಲ್ಲ.

"ಅಣ್ಣ, ಹಿಂದಿನ ದಿನವೇ ಬಸ್ಸಿಗೆ ಬಂದ್ಬಿಡು" ಎಂದಳು ಶಾರದೆ.

"ಪರೀಕ್ಷೆ ಕೆಲಸ ಇದೆ ಕಣೇ. ಬೆಳಿಗ್ಗೆ ಕಾರಲ್ಲಿ ಬರ್ತೀನಿ. ಒಂದೂವರೆ ಗಂಟೆ ದಾರಿ!"

ಚಾರ್ಜ್ ಮಾಡಲು ಜಗಲಿಯ ಪಕ್ಕ ನಾನೇ ಸ್ವಹಸ್ತದಿಂದ ಒಂದು ಪ್ಲಗ್ ಕೂರಿಸಿದ್ದೆ. ಮೂರು ತಂತಿಗಳಲ್ಲಿ ಎರಡನ್ನು ಜೋಡಿಸಿದೆ. ಮೂರನೆಯದು ಭೂಸಂಪರ್ಕದ, ಅಂದರೆ ಅರ್ತಿಂಗ್ ತಂತಿ. ಅದಕ್ಕೆ ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಕಬ್ಬಿಣದ ಪೈಪು ಹೂಳಬೇಕು. ಅದೆಲ್ಲ ಪರೀಕ್ಷೆಯಲ್ಲಿ ಬರೆಯುವುದಕ್ಕೆ ಸರಿ ಎಂದುಕೊಂಡು ಆ ತಂತಿಗೆ ಅಂದವಾಗಿ ಟೇಪು ಸುತ್ತಿ ಬಿಟ್ಟಿದ್ದೆ. ಅಲ್ಲಿಯವರೆಗೆ ಶೋರೂಮಿನವರೇ ತುಂಬಿಸಿ ಕೊಟ್ಟ ಚಾರ್ಜಿನಲ್ಲಿ ಬೀದಿಯವರನ್ನೆಲ್ಲ ಸುತ್ತಾಡಿಸಿದ್ದಾಗಿತ್ತು. ಮದುವೆಯ ಹಿಂದಿನ ಸಂಜೆ ಮೊದಲ ಸಲ ಪ್ಲಗ್ ಸಿಕ್ಕಿಸಿದೆ. ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು.

"ಕೆಂಪು ಬಂತಲ್ರೀ?" ಎಂದಳು ನನ್ನ ಹೆಂಡತಿ ಗಿರಿಜೆ.

"ಮೊಬೈಲಿಗೂ ಹಾಗೇ ಅಲ್ವೇನೇ? ಚಾರ್ಜ್ ಆಗ್ತಿದ್ರೆ ಕೆಂಪು, ತುಂಬಿದ್ಮೇಲೆ ಹಸಿರು."

ಬೆಳಿಗ್ಗೆ ನೋಡಿದರೂ ಕೆಂಪೇ. ಇನ್ನೂ ತುಂಬುತ್ತಿದೆ, ಎಂಥ ಹೊಟ್ಟೆಬಾಕ ಬ್ಯಾಟರಿ ಎಂದು ಮೆಚ್ಚಿಕೊಂಡೆ! ಒಳಗೆ ಕೂತು ನೋಡಿದರೆ ಪರದೆ ಹೇಳಿತು: ಇನ್ನು ಎಂಬತ್ತು ಕಿಲೋಮೀಟರ್ ಓಡಬಹುದು. ಸ್ವಲ್ಪ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಬೇಲೂರಿಗೆ ಅರವತ್ತೈದೇ ತಾನೆ? ಗಿರಿಜೆಯ ರೇಷ್ಮೆ ಸೀರೆ ಬೆವರಿಗೆ ನೆನೆಯಬಾರದೆಂದು ಏಸಿಯನ್ನು ಜೋರಾಗಿ ಹಾಕಿ ಹೊರಟೆ.

ಜಾವಗಲ್ ದಾಟಿ, ಹಳೇಬೀಡು ದಾಟಿ, ಹುಲಿಕೆರೆಯಲ್ಲಿ ಗಿರಿಜೆಯ ದೊಡ್ಡಮ್ಮನನ್ನು ಹತ್ತಿಸಿಕೊಂಡೆವು. ಎಪ್ಪತ್ತೆಂಟರ ಮುದುಕಿ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಅಳಿಮಯ್ಯ, ಇದು ಸ್ಟಾರ್ಟ್ ಆಗೈತೋ ಇಲ್ವೋ? ಸದ್ದೇ ಇಲ್ವಲ್ಲ!"

ಹೊಸ ಶಿಷ್ಯೆ ಸಿಕ್ಕರೆ ಬಿಡುವುದುಂಟೇ? ಶುರು ಮಾಡಿದೆ. "ನೋಡಿ, ಇದಕ್ಕೆ ಇಂಜಿನ್ನೇ ಇಲ್ಲ. ಕ್ಲಚ್ಚು, ಸೈಲೆನ್ಸರು ಒಂದೂ ಇಲ್ಲ. ನಿಮ್ಮ ಕಾಲ ಕೆಳಗೆ ದೊಡ್ಡ ಬ್ಯಾಟರಿ ಇದೆ, ಮನೆ ಮೇಲಿನ ನೀರಿನ ಟ್ಯಾಂಕಿದ್ದ ಹಾಗೆ. ಅದರಲ್ಲಿರೋದು ನೇರ ವಿದ್ಯುತ್ತು. ಅದನ್ನ ಇನ್ವರ್ಟರು ಪರ್ಯಾಯ ವಿದ್ಯುತ್ತು ಮಾಡಿ ಮೋಟಾರಿಗೆ ಕೊಡುತ್ತೆ. ಮೋಟಾರು ಚಕ್ರ ತಿರುಗಿಸುತ್ತೆ. ಅಷ್ಟೇ!"

"ಟ್ಯಾಂಕಿನಾಗೆ ಎಷ್ಟೈತೆ?"

ಪರದೆ ನೋಡಿದೆ. ಹದಿನೆಂಟು ಕಿಲೋಮೀಟರ್. ದಾರಿ ಇನ್ನೂ ಹದಿನೇಳು. ಏಸಿ ಕುಡಿದದ್ದೆಷ್ಟು, ಏರು ನುಂಗಿದ್ದೆಷ್ಟು ಯಾರಿಗೆ ಗೊತ್ತು! ನಾನು ಧೃತಿಗೆಡಲಿಲ್ಲ.

"ಅದೇ ಇದರ ಸ್ವಾರಸ್ಯ! ಬ್ರೇಕ್ ಹಿಡಿದಾಗ ಇದೇ ಮೋಟಾರು ಸೈಕಲ್ಲಿನ ಡೈನಮೋ ಥರ ಕೆಲಸ ಮಾಡಿ ಬ್ಯಾಟರಿಗೆ ವಾಪಸ್ ಕರೆಂಟು ತುಂಬುತ್ತೆ. ಈಗ ತೋರಿಸ್ತೀನಿ."

ಜೋರಾಗಿ ಓಡಿಸಿದೆ, ಬ್ರೇಕ್ ಹಿಡಿದೆ. ಮತ್ತೆ ಓಡಿಸಿದೆ, ಮತ್ತೆ ಹಿಡಿದೆ. ಪ್ರತಿ ಸಲವೂ ದೊಡ್ಡಮ್ಮನ ಹಣೆ ಮುಂದಿನ ಸೀಟಿಗೆ ನಮಸ್ಕಾರ ಮಾಡಿತು. ಗಿರಿಜೆ ಬಾಯಿಗೆ ಸೆರಗು ಹಿಡಿದು ಕೂತಳು. ಹತ್ತು ಕೊಡ ನೀರು ಚೆಲ್ಲಿ ಆರು ಕೊಡ ಬಳಿದುಕೊಂಡರೆ ಟ್ಯಾಂಕು ತುಂಬುವುದಿಲ್ಲ. ಶಕ್ತಿ ಸಂರಕ್ಷಣೆಯ ಈ ನಿಯಮವನ್ನು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ! ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹದಿನೆಂಟು ನಾಲ್ಕಾಯಿತು. ಪರದೆಯಲ್ಲಿ ಆಮೆಯ ಚಿತ್ರ ಬಂತು, ಕಾರು ಆಮೆಯಂತೆಯೇ ತೆವಳತೊಡಗಿತು.

"ಆಮೆ ಬಂದೈತೆ! ಕೂರ್ಮಾವತಾರ. ಒಳ್ಳೆ ಶಕುನ ಕಣವ್ವ" ಎಂದು ದೊಡ್ಡಮ್ಮ ಪರದೆಗೆ ಕೈಮುಗಿದರು.

ರಸ್ತೆ ಪಕ್ಕದ ತೆಂಗಿನ ತೋಟದಲ್ಲಿ ಒಂದು ಪಂಪ್‌ಹೌಸ್ ಕಂಡಿತು. ತೋಟದ ಒಡೆಯ ನಿಂಗೇಗೌಡರು ಕಾಯಿ ಎಣಿಸುವುದನ್ನು ಬಿಟ್ಟು ಬಂದರು. ವಿಷಯ ಹೇಳಿ, ಅವರ ಪ್ಲಗ್ಗಿಗೆ ನನ್ನ ಚಾರ್ಜರ್ ಸಿಕ್ಕಿಸಿದೆ. ಕೆಂಪು ದೀಪ ಹತ್ತಿತು.

"ಸದ್ಯ! ಚಾರ್ಜ್ ಆಗ್ತಾ ಇದೆ" ಎಂದೆ.

ಗೌಡರು ಬಗ್ಗಿ ನೋಡಿದರು. "ಎಲ್ಲಿ ಆಗ್ತೈತೆ ಸ್ವಾಮಿ? ಕೆಂಪು ಅಂದ್ರೆ ತೊಂದ್ರೆ. ಅರ್ತಿಂಗ್ ಸಿಕ್ತಿಲ್ಲ ಅದಕ್ಕೆ. ಗುಂಡಿ ಒಣಗೋಗೈತೆ, ತಡೀರಿ."

ಪಂಪ್‌ಹೌಸಿನ ಪಕ್ಕದ ಅರ್ತಿಂಗ್ ಗುಂಡಿಗೆ ಒಂದು ಹಿಡಿ ಉಪ್ಪು ಹಾಕಿ, ನಾಲ್ಕು ಬಕೆಟ್ ನೀರು ಸುರಿದರು. ಕೆಂಪು ಹೋಗಿ ಹಸಿರು ದೀಪ ಮಿನುಗತೊಡಗಿತು, ಪರದೆಯಲ್ಲಿ ಚಾರ್ಜ್ ಆಗುತ್ತಿದೆ ಎಂದು ಬಂತು. ಗಿರಿಜೆ ಆ ಹಸಿರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತೆಂಗಿನ ಮರ ನೋಡಿದೆ.

"ಹಂಗಾದ್ರೆ ನೆನ್ನೆ ಸಂಜೆಯಿಂದ ಒಂದು ಹನೀನೂ ತುಂಬಿಲ್ಲ ಅನ್ನಿ" ಎಂದಳು.

ಅಷ್ಟರಲ್ಲಿ ಬೇಲೂರಿನ ಬಸ್ಸು ಬಂತು. ಗಂಟೆ ಎಂಟೂಮುಕ್ಕಾಲು. ಗಿರಿಜೆ ಕೈ ಅಡ್ಡ ಹಾಕಿ ನಿಲ್ಲಿಸಿದಳು. "ಹತ್ತಿ ರೀ. ಕಾರು ಇಲ್ಲೇ ಇರ್ಲಿ."

ಹತ್ತಬಹುದಿತ್ತು. ಈಗಲೂ ಆ ಬಸ್ಸಿನ ಮೆಟ್ಟಿಲು ಕಣ್ಣಮುಂದೆಯೇ ಇದೆ. ಆದರೆ ಹಸಿರು ದೀಪ ಮಿನುಗುತ್ತಿತ್ತು, ಮೂವರು ನನ್ನನ್ನೇ ನೋಡುತ್ತಿದ್ದರು, ಮತ್ತು ನಾನು ವಿಜ್ಞಾನದ ಮೇಷ್ಟ್ರು. "ನೀವು ಹೋಗಿ. ಮುಕ್ಕಾಲು ಗಂಟೆ ಚಾರ್ಜ್ ಆದ್ರೆ ಸಾಕು. ಮುಹೂರ್ತಕ್ಕೆ ಮೊದಲೇ ಅಲ್ಲಿರ್ತೀನಿ!" ಎಂದೆ.

ಬಸ್ಸು ಹೋಯಿತು. ಕಾಲು ಗಂಟೆಯಾಯಿತು. ಹಸಿರು ದೀಪ ಆರಿತು. ಕೆಂಪೂ ಇಲ್ಲ!

"ಒಂಬತ್ತಾಯ್ತಲ್ಲ ಸ್ವಾಮಿ, ನಮ್ ಲೈನಿನ ಪಾಳಿ ಮುಗೀತು" ಎಂದರು ಗೌಡರು. "ಇನ್ನು ಕರೆಂಟು ಬರೋದು ಸಂಜೆಗೇ."

ಮುಂದಿನ ಬಸ್ಸು ಹತ್ತೂಕಾಲಿಗೆ. ಶಾರದೆಗೆ ಫೋನು ಮಾಡಿದರೆ ವಾಲಗದ ಸದ್ದಿನಲ್ಲಿ ಅವಳು ಎತ್ತಲಿಲ್ಲ. ನನ್ನ ಮುಖ ನೋಡಲಾಗದೆ ಗೌಡರು ಟ್ರ್ಯಾಕ್ಟರ್ ತೆಗೆದರು. ಕಾರನ್ನು ಹಗ್ಗ ಕಟ್ಟಿ ಎಳೆಯೋಣವೆಂದರು. ಎಲೆಕ್ಟ್ರಿಕ್ ಕಾರನ್ನು ಹಾಗೆ ಎಳೆಯಬಾರದು, ಮೋಟಾರು ಕೆಡುತ್ತದೆ ಎಂದು ವಿವರಿಸಿದೆ. ಆಗಲೂ ವಿವರಿಸಿದೆ! ಹೊಸ ರೇಷ್ಮೆ ಪಂಚೆಯಲ್ಲಿ ಮಡ್‌ಗಾರ್ಡಿನ ಮೇಲೆ ಕೂತು, ದಾರಿಯುದ್ದಕ್ಕೂ ದೇವರೇ ದೇವರೇ ಎನ್ನುತ್ತ ಹೋದೆ.

ಕಲ್ಯಾಣ ಮಂಟಪದ ಮುಂದೆ ಇಳಿದಾಗ ಗಟ್ಟಿಮೇಳ ನಿಂತು ಹೋಗಿತ್ತು. ಒಳಗೆ ಎಲ್ಲರ ತಲೆಯ ಮೇಲೂ ಅಕ್ಷತೆ. ಕಾವ್ಯಳ ಕೊರಳಲ್ಲಿ ತಾಳಿ. ಅವಳು ಪುರೋಹಿತರ ಕೈಕಾಲು ಹಿಡಿದು ಹತ್ತು ನಿಮಿಷ ಕಾಯಿಸಿದ್ದಳಂತೆ, ಬಾಗಿಲ ಕಡೆಯೇ ನೋಡುತ್ತ. ಕೊನೆಗೆ ಗಿರಿಜೆಯೇ ಕೈಹಿಡಿದು ಮಂಟಪಕ್ಕೆ ಕರೆತಂದಿದ್ದಳು. ಕಾವ್ಯ ದೂರದಿಂದ ನನ್ನನ್ನು ಕಂಡು ನಗಲು ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು. ನನಗೆ ಅಲ್ಲಿಯೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಶಾರದೆ ಬಂದು ನನ್ನ ಪಂಚೆಯ ಮೇಲಿನ ಗ್ರೀಸನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಊಟಕ್ಕೆ ಕೂತ್ಕೋ ಅಣ್ಣ" ಎಂದಷ್ಟೇ ಹೇಳಿ ಹೋದಳು.

ನಿಂಗೇಗೌಡರ ಪಕ್ಕದಲ್ಲಿ ಎಲೆಯ ಮುಂದೆ ಕೂತೆ. ನನ್ನ ಇನ್ನೊಂದು ಪಕ್ಕದಲ್ಲಿದ್ದವರು ಗಂಡಿನ ಕಡೆಯ ಹಿರಿಯರು. ಪಲ್ಯ ಕಲಸುತ್ತ ನನ್ನ ಕಡೆ ಬಾಗಿದರು.

"ಕೇಳಿದ್ರಾ? ಹೆಣ್ಣಿನ ಸೋದರಮಾವ ಬರಲೇ ಇಲ್ವಂತೆ! ಹೆಂಡ್ತೀನ ಬಸ್ಸಿಗೆ ಹತ್ತಿಸಿ, ತಾನು ಯಾವುದೋ ತೋಟದಲ್ಲಿ ಕಾರಿನ ಜೊತೆ ಕೂತಿದ್ದನಂತೆ. ಎಂಥ ಮನುಷ್ಯ ಅಂತೀನಿ!"

ಗೌಡರು ಬಾಯಿ ತೆರೆದರು. ನಾನು ಮೆಲ್ಲಗೆ ಅವರ ಮೊಣಕೈ ಒತ್ತಿದೆ.

"ಇಂಥವರೂ ಇರ್ತಾರೆ ನೋಡಿ" ಎಂದು ಹಿರಿಯರಿಗೆ ಹೇಳಿ, ಅನ್ನಕ್ಕೆ ಸಾರು ಹಾಕಿಸಿಕೊಂಡೆ.